ಕೆಂಪನನ್ನೂ ಕರಿಯನನ್ನೂ ಓಡಿಸಿದ ಕುಳ್ಳಮ್ಮ

"ಆ ಕುಳ್ಳಮ್ಮನಲ್ಲಿ ಕುಳ್ಳಗಿರೋದು ತಾಳ್ಮೆ ಒಂದೇ ಕಣವ್ವ" ಎಂದು ಎದುರುಮನೆಯ ಯಶೋದಮ್ಮ ಸೊಪ್ಪು ಸೋಸುತ್ತಾ ಹೇಳುತ್ತಿದ್ದಳು. ಪಕ್ಕದ ಮನೆಯವರು ಅದಕ್ಕೊಂದು ಬಾಲ ಕಟ್ಟುತ್ತಿದ್ದರು: "ಅವ್ಳು ಟ್ರಾಕ್ಟರು ಅತ್ತುದ್ರೆ ಬದು ಬುಟ್ಟು ನಿಂತ್ಕಬೇಕು, ಜಗಳಕ್ಕೆ ನಿಂತ್ರೆ ಊರೇ ಬುಟ್ಟು ನಿಂತ್ಕಬೇಕು." ಡೈರಿ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಸಾಲು ನಿಂತ ಗಂಡಸರು ದನಿ ತಗ್ಗಿಸಿ, "ರಂಗಸ್ವಾಮಿ ಪುಣ್ಯವಂತ ಕಣ್ಲಾ, ಮನೇಲಿ ಬಾಯಿ ನೋಯಿಸ್ಕಳೋ ಅಂಗೇ ಇಲ್ಲ" ಎಂದು ನಗುತ್ತಿದ್ದರು. ಈ ಮಾತೆಲ್ಲ ಕುಳ್ಳಮ್ಮನ ಕಿವಿಗೆ ಬೀಳುತ್ತಿತ್ತು. ಬಿದ್ದದ್ದಕ್ಕೆಲ್ಲ ಅವಳು ಉತ್ತರವನ್ನೂ ಕೊಡುತ್ತಿದ್ದಳು. ತಾಳ್ಮೆ ಕುಳ್ಳಗಾದದ್ದು ಯಾಕೆ ಅಂತ ಮಾತ್ರ ಒಬ್ಬರೂ ಕೇಳಿದವರಲ್ಲ. ಕೇಳಿದ್ದರೆ ಈ ಕತೆ ಅವಳೇ ಹೇಳುತ್ತಿದ್ದಳು.

ಹೆಸರು ಅವಳ ಅಜ್ಜಿಯದು. ಪಾಂಡವಪುರದ ಕಡೆಯ ತವರಿನಲ್ಲಿ ಆ ಅಜ್ಜಿ ನಿಂತರೆ ರಾಗಿ ತುಂಬಿಡುವ ವಾಡೆಯ ಅರ್ಧಕ್ಕೂ ಬರುತ್ತಿರಲಿಲ್ಲವಂತೆ. ಮೊಮ್ಮಗಳು ನೀಲಗಿರಿ ಗಿಡದ ಹಾಗೆ ಬೆಳೆದಳು. ಅಪ್ಪ ಓಟದ ಎತ್ತು ಕಟ್ಟಿದ್ದವನು. ಗದ್ದೆ ಕೊಯ್ಲಾದ ಮೇಲೆ ನಡೆಯುವ ಎತ್ತಿನಗಾಡಿ ಓಟಕ್ಕೆ ಅವನ ಜೋಡಿ ಹೋಗದ ಊರಿರಲಿಲ್ಲ. ಓಟದ ದಿನ ಬೆಳಿಗ್ಗೆ ಎತ್ತುಗಳನ್ನು ಕೆಸರಿನಲ್ಲಿ ಚೆನ್ನಾಗಿ ಓಡಾಡಿಸಿ "ಕಾಲು ಬಿಡಿಸುವುದು" ಆ ಮನೆಯ ಪದ್ಧತಿ. "ತಣ್ಣಗಿರೋ ಕಾಲು ಓಡಾಕಿಲ್ಲ ಮಗ" ಎನ್ನುತ್ತಿದ್ದ ಅಪ್ಪ. ಆ ಕೆಲಸ ಮಾಡುತ್ತಿದ್ದವಳು ಕುಳ್ಳಮ್ಮ. ಮೇವು ಹಾಕಿ, ಮೈ ತಿಕ್ಕಿ, ಹಗ್ಗ ಹಿಡಿದು ಪಳಗಿಸುತ್ತಿದ್ದವಳೂ ಅವಳೇ. ಓಟದ ಹೊತ್ತಿಗೆ ಗಾಡಿ ಮೇಲೆ ನಿಲ್ಲುತ್ತಿದ್ದವನು ಮಾತ್ರ ಅವಳ ಅಣ್ಣ. ಗೆದ್ದರೆ ಹಾರ ಅಣ್ಣನ ಕೊರಳಿಗೆ. ಹೆಣ್ಣುಮಗಳು ಓಟದ ಗಾಡಿ ಹತ್ತುವುದು ಉಂಟೇ?

ಬೆಳಗೊಳದ ಕಡೆಗೆ ಮದುವೆಯಾಗಿ ಬಂದಳು. ಗಂಡ ರಂಗಸ್ವಾಮಿ ನೀರಗಂಟಿ, ಅಂದರೆ ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಬಿಡುವವನು. ನೀರಿನ ಪಾಳಿ ಕಾಯುವುದರಲ್ಲೇ ಅವನ ದಿನ ಕಳೆಯುತ್ತಿದ್ದರಿಂದ ಮನೆಯ ಟ್ರಾಕ್ಟರು ಕುಳ್ಳಮ್ಮನ ಕೈಗೆ ಬಂತು. ಅವಳು ಗದ್ದೆ ಉತ್ತು, ಕೆಸರು ಹದ ಮಾಡಿ, ನಾಟಿಗೆ ಸಮ ಮಾಡಿಟ್ಟರೆ ಹಾದಿಯಲ್ಲಿ ಹೋಗುವವರು ನಿಂತು ನೋಡಿ, "ರಂಗಸ್ವಾಮಿ ಗದ್ದೆ ಒಳ್ಳೆ ತಟ್ಟೆ ಅಂಗೆ ಮಾಡವ್ನೆ" ಎನ್ನುತ್ತಿದ್ದರು. ಕೇಳಿ ಕೇಳಿ ಅವಳಿಗೆ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತ್ತು. ಒಂದು ಸಲ, ಒಂದೇ ಒಂದು ಸಲ, ತಾನು ಮಾಡಿದ ಕೆಲಸ ತನ್ನ ಹೆಸರಲ್ಲಿ ಇರಬೇಕು. ಅವಳು ಬೇಡಿದ್ದು ಅಷ್ಟೇ.

ಹೀಗಿರುವಾಗ ಮೈದುನ ರವೀಂದ್ರ ಆ ಎರಡು ಗಾಡಿಗಳನ್ನು ತಂದ.

ರವೀಂದ್ರನ ತಲೆ ಯಾವಾಗಲೂ ಊರಿಗಿಂತ ಒಂದು ಹೆಜ್ಜೆ ಮುಂದೆ. ಕೆ.ಆರ್.ಎಸ್. ನೋಡಲು ಬರುವ ಜನ ಅಣೆಕಟ್ಟೆ ನೋಡಿ, ಮೀನು ತಿಂದು, ಹಾಗೇ ಮೈಸೂರಿಗೆ ವಾಪಸು ಹೋಗುತ್ತಾರೆ. ನಡುವೆ ಅವರನ್ನು ಒಂದು ಗಳಿಗೆ ನಿಲ್ಲಿಸಬೇಕು ಎಂದು ಲೆಕ್ಕ ಹಾಕಿದ. ನಾಲೆ ಪಕ್ಕದ ಮನೆ ಜಮೀನಿಗೆ ತಂತಿ ಸುತ್ತಿ, ಮಣ್ಣು ಗುಡ್ಡೆ ಹಾಕಿಸಿ, ಕೆಸರು ಗುಂಡಿ ತೋಡಿಸಿ, ತೆಂಗಿನ ಮರಗಳ ನಡುವೆ ಸುತ್ತಿ ಬರುವ ದಾರಿ ಮಾಡಿಸಿದ. ಬಾಗಿಲಿಗೆ "ಎ.ಟಿ.ವಿ. ರೈಡ್" ಅಂತ ಬೋರ್ಡು ಹಾಕಿದ. ನಾಲ್ಕು ದಪ್ಪ ಚಕ್ರ, ನಡುವೆ ಬೈಕಿನ ಸೀಟು, ಬೈಕಿನದೇ ಹ್ಯಾಂಡಲ್ಲು. ಊರಿನವರು ಮೊದಲು ನೋಡಿದಾಗ "ಇದೇನ್ಲಾ, ಬೈಕು ಮದುವೆಯಾಗಿ ದಪ್ಪ ಆದಂಗೈತೆ" ಅಂದರು.

ಎರಡೂ ಓಟದ ಗಾಡಿಗಳೇ. ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಕೆಂಪು ಬಣ್ಣದ್ದು ಗೇರಿನ ಗಾಡಿ: ಎಡಗೈಗೆ ಕ್ಲಚ್ಚು, ಎಡಗಾಲಿಗೆ ಐದು ಗೇರು. ಕಪ್ಪು ಬಣ್ಣದ್ದು ಆಟೋಮ್ಯಾಟಿಕ್ಕು: ಕ್ಲಚ್ಚಿಲ್ಲ, ಕಾಲಲ್ಲಿ ಹಾಕುವ ಗೇರಿಲ್ಲ, ಒಳಗೊಂದು ಅಗಲವಾದ ರಬ್ಬರ್ ಬೆಲ್ಟು ತಿರುಗಿ ವೇಗವನ್ನು ತಾನೇ ನೋಡಿಕೊಳ್ಳುತ್ತದೆ. ಬಲಗೈ ಹೆಬ್ಬೆರಳು ಒತ್ತಿದರೆ ಹೊರಟಿತು. ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಮಾತ್ರ ಇದೆ. ಹೈಗೆ ಹಾಕಿದರೆ ಓಟ, ಲೋಗೆ ಹಾಕಿದರೆ ಎಳೆತ. ಊರಿನ ಹುಡುಗರು ಎತ್ತಿಗೆ ಇಟ್ಟ ಹಾಗೆ ಹೆಸರು ಇಟ್ಟರು. ಕೆಂಪು ಗಾಡಿ ಕೆಂಪ, ಕಪ್ಪು ಗಾಡಿ ಕರಿಯ.

ಅಂದಿನಿಂದ ಟೀ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಯಾವುದು ಜಾಸ್ತಿ ಓಡುತ್ತದೆ, ಗೇರಿಂದೋ ಗೇರಿಲ್ಲದ್ದೋ? ಗೇರಿನ ಕಡೆಗೆ ವಕೀಲ ಅಂದರೆ ರವೀಂದ್ರನ ಬಾಮೈದ ಶಶಿ. ನಾಗಮಂಗಲದವನು, ಅಕ್ಕನ ಮನೆಗೆ ಬಂದವನು ಟ್ರ್ಯಾಕು ಶುರುವಾದ ಮೇಲೆ ಇಲ್ಲೇ ನಿಂತುಬಿಟ್ಟ. "ಗೇರಾಕೋನು ಡ್ರೈವರು, ಗೇರಿಲ್ದೆ ಓಡ್ಸೋನು ಪ್ಯಾಸೆಂಜರು" ಎನ್ನುವುದು ಅವನ ಮಾತು. ಕೆಂಪನ ಮೇಲೆ ಅವನನ್ನು ಬಿಟ್ಟು ಇನ್ನೊಬ್ಬರು ಕೂರುವ ಹಾಗಿರಲಿಲ್ಲ.

ಕುಳ್ಳಮ್ಮನಿಗೆ ಕರಿಯ ಬಂತು. ಬಂತು ಅನ್ನುವುದಕ್ಕಿಂತ ತಲೆಗೆ ಕಟ್ಟಿದರು. ಮೈಸೂರಿಂದ ಬರುವ ಹೆಂಗಸರು ಮಕ್ಕಳಿಗೆ ಗಂಡಸರ ಹಿಂದೆ ಕೂರಲು ಸಂಕೋಚ. ಕುಳ್ಳಮ್ಮ ಮುಂದೆ ಕೂತರೆ ಧೈರ್ಯ. "ಎಂಗುಸ್ರಿಗೆ ಗೇರಿಲ್ದಿರೋದೇ ಸರಿ ಅತ್ಗೆ, ತಲೆನೋವಿಲ್ಲ" ಎಂದ ರವೀಂದ್ರ.

"ಇಪ್ಪತ್ತು ವರ್ಷದಿಂದ ನಿಮ್ಮನೆ ಟ್ರಾಕ್ಟರಿಗೆ ಯಾರ್ ಗೇರಾಕಿದ್ದು ರವೀಂದ್ರ?"

"ಅದು ಟ್ರಾಕ್ಟರು, ಇದು ಸ್ಪೋರ್ಟ್ಸು ಅತ್ಗೆ."

ಇದಕ್ಕೆ ಏನು ಹೇಳುವುದು? ಹೇಳಿದರೂ ಎಲ್ಲಿ ಹೋಗಿ ಮುಟ್ಟುತ್ತದೆ? ಕುಳ್ಳಮ್ಮ ಸೀರೆ ಮೇಲೆ ಗಂಡನ ಹಳೇ ಶರ್ಟು ತೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನಕ್ಕೆ ಹತ್ತಾರು ಸಲ "ಅಯ್ಯೋ ಆಂಟಿ, ಮೆಲ್ಲಗೆ ಮೆಲ್ಲಗೆ" ಅನ್ನುವವರನ್ನು ಕೂರಿಸಿಕೊಂಡು ಆಮೆ ಓಟ ಓಡಿದಳು. ಸಂಜೆ ಜನ ಹೋದ ಮೇಲೆ ಮಾತ್ರ ಒಬ್ಬಳೇ ಒಂದು ಸುತ್ತು ಬಿಡುತ್ತಿದ್ದಳು. ಆಗ ಕರಿಯ ಆಮೆಯಾಗಿರುತ್ತಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ರವೀಂದ್ರ ಹೇಳಿದ, ಬೆಳ್ಳೂರು ಕ್ರಾಸಿನಲ್ಲಿ ಇನ್ನೊಂದು ಟ್ರ್ಯಾಕು ಮಾಡುತ್ತೇನೆ ಅಂತ. ಹೈವೇ ಪಕ್ಕ, ಬೆಂಗಳೂರು ಹಾಸನ ಓಡಾಡುವ ಕಾರುಗಳು ಊಟಕ್ಕೆ ನಿಲ್ಲುವ ಜಾಗ. ಅಲ್ಲಿ ಒಬ್ಬರು ಪೂರ್ತಿ ಜವಾಬ್ದಾರಿ ಹೊತ್ತು ನಿಲ್ಲಬೇಕು. ಎರಡೂ ಗಾಡಿ ಓಡಿಸಿ ತೋರಿಸಬೇಕು, ಕಲಿಸಬೇಕು. ಬೋರ್ಡಿನ ಮೇಲೆ ಅವರ ಹೆಸರೇ ಹಾಕುತ್ತೇನೆ ಅಂದ.

ಮುದ್ದೆ ಮುರಿಯುತ್ತಿದ್ದ ಕುಳ್ಳಮ್ಮನ ಕೈ ನಿಂತಿತು. "ನಾನು ಓಗ್ತೀನಿ."

ಶಶಿ ಕೆಮ್ಮಿದ. "ಅಕ್ಕ, ಅಲ್ಲಿಗೆ ಬರೋರು ಬೆಂಗಳೂರಿನ ಉಡುಗ್ರು. ಸ್ಪೀಡು ಕೇಳ್ತಾರೆ."

"ಯಾರ್ಗೆ ಸ್ಪೀಡ್ ಇಲ್ಲ ಅಂದಿದ್ದು?"

ರವೀಂದ್ರ ನಕ್ಕ. "ಸರಿ ಬುಡಿ, ಜಗಳ ಯಾಕೆ? ಇಬ್ರೂ ಓಡ್ಸಿ. ಗೆದ್ದೋರ್ಗೆ ಬೆಳ್ಳೂರು."

ನೋಡಿ, ಅವನ ಮಾತು ಇಷ್ಟೇ. ಗೆದ್ದವರಿಗೆ ಬೆಳ್ಳೂರು. ಕುಳ್ಳಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೊದಲ ಓಟ ನಾಲೆ ಏರಿ ಮೇಲಿನ ನೇರ ದಾರಿಯಲ್ಲಿ, ಟ್ರ್ಯಾಕಿನ ಬಾಗಿಲಿಂದ ತೂಬಿನವರೆಗೆ. ಕುಳ್ಳಮ್ಮ ಕರಿಯನ ಮೇಲೆ, ಶಶಿ ಕೆಂಪನ ಮೇಲೆ. ರವೀಂದ್ರ ಟವೆಲ್ಲು ಬೀಸಿದ. ಶಶಿ ಕ್ಲಚ್ಚು ಬಿಡುವಷ್ಟರಲ್ಲಿ ಕರಿಯ ಹಾರಿಯಾಗಿತ್ತು. ಶಶಿ ಒಂದರಿಂದ ಎರಡಕ್ಕೆ ಹಾಕಿದ, ಆ ರೆಪ್ಪೆ ಬಡಿಯುವಷ್ಟು ಹೊತ್ತು ಕೆಂಪನ ಉಸಿರು ನಿಂತಿತು. ಎರಡರಿಂದ ಮೂರಕ್ಕೆ ಹಾಕಿದ, ಮತ್ತೆ ನಿಂತಿತು. ಕರಿಯನಿಗೆ ಆ ನಿಲ್ಲುವುದು ಅನ್ನುವುದೇ ಇಲ್ಲ, ಒಂದೇ ಉಸಿರಿಗೆ ಎಳೆಯುತ್ತದೆ. ಕೆಂಪ ನಾಲ್ಕಕ್ಕೆ ಬಂದ ಮೇಲೆ ಕೂಗುತ್ತಾ ಹತ್ತಿರ ಬಂದದ್ದು ನಿಜ. ದಾರಿ ಇನ್ನಷ್ಟು ಉದ್ದವಿದ್ದರೆ ಮುಂದೆ ಹೋಗುತ್ತಿತ್ತೇನೋ. ಆದರೆ ತೂಬು ಬಂದುಬಿಟ್ಟಿತು. ಕುಳ್ಳಮ್ಮ ಗೆದ್ದಳು.

ಇಳಿದು ಮುಖದ ಧೂಳು ಒರೆಸಿಕೊಳ್ಳುತ್ತಿದ್ದಾಗ ಶಶಿ ಬಂದ. "ಗೆದ್ದದ್ದು ನೀವಲ್ಲ ಕಣಕ್ಕ, ಕರಿಯ. ಬೆರಳು ಒತ್ತುದ್ರೆ ಓಯ್ತದೆ. ಅದರ ಮ್ಯಾಲೆ ಒಂದು ಕುಂಬಳಕಾಯಿ ಕೂರ್ಸಿದ್ರೂ ಗೆಲ್ತಿತ್ತು."

"ಅಂಗಾದ್ರೆ ಕುಂಬಳಕಾಯಿಗೆ ಸೋತೆ ಅಂತ ನಿಮ್ಮೂರಲ್ಲಿ ಏಳ್ಕಳಪ್ಪ."

ನಿಂತವರೆಲ್ಲ ನಕ್ಕರು. ನಕ್ಕ ಮೇಲೂ ತೀರ್ಮಾನ ಮಾತ್ರ ಶಶಿಯದೇ ಆಯಿತು. ಆಟೋಮ್ಯಾಟಿಕ್ಕು ಗೆದ್ದಿತು. ಟೀ ಅಂಗಡಿಯಲ್ಲಿ ಅದೇ ಮಾತು, ಡೈರಿಯಲ್ಲಿ ಅದೇ ಮಾತು. "ಏನೇ ಅನ್ನು, ಗೇರಿಲ್ದಿದ್ದೇ ಫಾಸ್ಟು ಕಣ್ಲಾ." ಕುಳ್ಳಮ್ಮನ ಹೆಸರು ಯಾರ ಬಾಯಲ್ಲೂ ಇಲ್ಲ.

ಸರಿ, ಹಾಗಿದ್ದರೆ ಗೇರಿಂದೇ ಓಡಿಸಿ ತೋರಿಸುತ್ತೇನೆ ಅಂತ ಅವಳು ಹಠ ಹಿಡಿದಳು. ಶಶಿ ಊರಿಗೆ ಹೋದ ದಿನಗಳಲ್ಲಿ ಕೆಂಪನನ್ನು ಹೊರಗೆ ತೆಗೆದಳು. ಮೊದಲ ದಿನ ಕ್ಲಚ್ಚು ಬಿಟ್ಟ ಕೂಡಲೇ ಅದು ಮುಂಗಾಲೆತ್ತಿ ಹಾರಿ ಅವಳನ್ನು ಕೆಸರು ಗುಂಡಿಯಲ್ಲಿ ಕೂರಿಸಿತು. ಟ್ರಾಕ್ಟರಿನ ಕ್ಲಚ್ಚು ಮುದುಕನ ಹಾಗೆ, ತುಳಿದರೂ ನಿಧಾನ, ಬಿಟ್ಟರೂ ನಿಧಾನ. ಇದು ಹರೆಯದ ಹೋರಿ. ಎರಡು ಬೆರಳಲ್ಲಿ ಸಮಾಧಾನ ಮಾಡಬೇಕು. ಕಲಿತಳು. ಕಲಿಯುತ್ತಾ ಒಂದು ಸಂಗತಿ ಅವಳಿಗೆ ಬಹಳ ಹಿಡಿಸಿತು. ತಿರುವು ಬಂದಾಗ ಗೇರು ಇಳಿಸಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಮೂಗುದಾರ ಜಗ್ಗಿದ ಹಾಗೆ. ಕರಿಯನಲ್ಲಿ ಬೆರಳು ಬಿಟ್ಟರೂ ಅದು ಉರುಳುತ್ತಲೇ ಇರುತ್ತದೆ, ಬ್ರೇಕಿಗೇ ಜೋತು ಬೀಳಬೇಕು.

ಎರಡನೇ ಓಟ ಅವಳೇ ಕೇಳಿದ್ದು. ಗಾಡಿ ಅದಲು ಬದಲು, ದಾರಿ ಪೂರ್ತಿ ಸುತ್ತು. ಏರಿ ಮೇಲೆ ಕರಿಯನ ಜೊತೆ ಶಶಿ ಮುಂದೆ ಹೋದ. ಹೋಗಲಿ ಎಂದು ಕುಳ್ಳಮ್ಮ ಗೇರು ಏರಿಸುತ್ತಾ ಬಂದಳು. ತೆಂಗಿನ ಮರಗಳ ಮೊದಲ ತಿರುವಿಗೆ ಶಶಿ ಬಂದ ವೇಗಕ್ಕೆ ಕರಿಯ ನಿಲ್ಲದೆ ಹೊರಗೆ ಜಾರಿತು; ಮರ ತಪ್ಪಿಸಿ, ಬ್ರೇಕು ತುಳಿದು, ಅವನು ಮತ್ತೆ ದಾರಿ ಹಿಡಿಯುವಷ್ಟರಲ್ಲಿ ಎರಡನೇ ಗೇರಿನಲ್ಲಿ ಗುಡುಗುಟ್ಟುತ್ತಾ ಕುಳ್ಳಮ್ಮ ಒಳಬದಿಯಿಂದ ನುಗ್ಗಿ ಹೋದಳು. ಆಮೇಲೆ ಅವನಿಗೆ ಕಂಡದ್ದು ಅವಳ ಶರ್ಟಿನ ಬೆನ್ನು ಮಾತ್ರ.

"ಕೆಂಪ ಅಗುರ ಅಲ್ವಾ" ಅಂದ ಶಶಿ, ಇಳಿಯುತ್ತಲೇ. "ತಿರುವ್ನಲ್ಲಿ ಗೇರಿಂದೇ ಗೆಲ್ಲೋದು. ನಾನು ಮೊದ್ಲಿಂದ ಏಳ್ತಿರ್ಲಿಲ್ವಾ?"

ರವೀಂದ್ರ ತಲೆ ಆಡಿಸಿದ. "ನೇರ ದಾರಿಗೆ ಆಟೋಮ್ಯಾಟಿಕ್ಕು, ತಿರುವಿಗೆ ಗೇರು. ಒಳ್ಳೇದಾಯ್ತು, ಈಗ ಗೊತ್ತಾಯ್ತು."

"ರವೀಂದ್ರ, ಎರಡು ಸಲನೂ ಗೆದ್ದ ಗಾಡಿ ಮ್ಯಾಲೆ ಯಾರ್ ಕುಂತಿದ್ರು?"

"ನೀವೇ ಅತ್ಗೆ."

"ಮತ್ತೆ?"

"ಅದೇ. ನಿಮ್ಗೆ ಎರಡು ಸಲನೂ ಒಳ್ಳೆ ಗಾಡಿ ಸಿಕ್ತು."

ಕುಳ್ಳಮ್ಮ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. ಕಬ್ಬು ತುಂಬಿದ ಟ್ರಾಕ್ಟರೊಂದು ಏರಿ ಮೇಲೆ ಹಾಡು ಹಾಕಿಕೊಂಡು ಹೋಯಿತು. ಅವಳಿಗೆ ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂತು.

ಮಾರನೇ ಸಂಜೆ ರಂಗಸ್ವಾಮಿ ನೀರು ತಿರುಗಿಸಿ ಮನೆಗೆ ಬಂದು, ಸನಿಕೆ ಗೋಡೆಗಾನಿಸಿ, ಕಾಲು ತೊಳೆದ. ಒಳ್ಳೆಯ ಮನುಷ್ಯ. ಎರಡು ಗದ್ದೆಯವರು ನೀರಿಗೆ ಹೊಡೆದಾಡಿದರೆ ಇಬ್ಬರಿಗೂ "ನಿಂದೇ ಸರಿ" ಎಂದು ಸಮಾಧಾನ ಮಾಡಿ ಬರುವವನು. ಆ ಗುಣ ಮನೆಯೊಳಗೂ ಬರುತ್ತಿತ್ತು.

"ನಿಮ್ಮ ತಮ್ಮನ್ಗೆ ಒಂದು ಮಾತು ಏಳಬಾರ್ದಾ?" ಎಂದಳು ಕುಳ್ಳಮ್ಮ.

"ಏಳ್ದೆ ಕಣೆ."

"ಏನಂತ?"

"ನಿಮ್ಮತ್ಗೆ ಬೇಜಾರ್ ಮಾಡ್ಕಂಡವ್ಳೆ ಅಂತ."

"ಅಯ್ಯೋ ನಿಮ್ಮ! ಬೇಜಾರ್ ಮಾಡ್ಕಂಡವ್ಳೆ ಅಂತ ಅಲ್ಲ ಏಳ್ಬೇಕಾದ್ದು. ಗೆದ್ದವ್ಳೆ ಅಂತ!"

ರಂಗಸ್ವಾಮಿ ಟವೆಲ್ಲಿನಿಂದ ಕಾಲು ಒರೆಸಿಕೊಂಡ. "ಗೆದ್ದಿರೋದು ಅವನೂ ನೋಡವ್ನಲ್ಲ" ಅಂದ. "ನೋಡಿದ್ದನ್ನೇ ಏನ್ ಏಳೋದು?"

ಒಂದೇ ಗಾಡಿಯಲ್ಲಿ ಇಬ್ಬರೂ ಓಡಿಸಬೇಕು, ಒಬ್ಬರಾದ ಮೇಲೆ ಒಬ್ಬರು, ಫೋನಿನಲ್ಲಿ ಹೊತ್ತು ನೋಡಬೇಕು ಅಂತ ಕುಳ್ಳಮ್ಮ ಪಟ್ಟು ಹಿಡಿದಳು. ಆಗ ಗಾಡಿ ಗೆದ್ದಿತು ಅನ್ನಲು ಬಾಯಿ ಇರುವುದಿಲ್ಲ. ರವೀಂದ್ರ ಒಪ್ಪಿದ. ಆದರೆ ಇಷ್ಟು ಹೊತ್ತಿಗೆ ವಿಷಯ ಊರಿಗೆಲ್ಲ ಹಬ್ಬಿ, ನ್ಯಾಯ ಹೇಳುವುದಕ್ಕೆ ಒಬ್ಬ ದೊಡ್ಡವರು ಬೇಕು ಅಂತಾಯಿತು. ನಂಜಪ್ಪನವರನ್ನು ಕರೆದರು. ಎತ್ತಿನಗಾಡಿ ಓಟದಲ್ಲಿ ಬಾವುಟ ಹಿಡಿಯುವ ಹಿರಿಯರು ಅವರು. ಅವರು ಬಾವುಟ ಇಳಿಸಿದರೆ ಪೊಲೀಸು ಬಂದರೂ ಎದುರು ಮಾತಿಲ್ಲ.

ನಂಜಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತು, ಎಲೆಯಡಿಕೆ ಬಾಯಿಗೆ ಹಾಕಿ, ನಡೆದದ್ದೆಲ್ಲ ಕೇಳಿದರು. ಕೇಳಿ, "ಎರಡು ಸಲ ಗೆದ್ದ ಜೋಡಿಗೆ ಮೂರನೇ ಓಟಕ್ಕೆ ಭಾರ ಕಟ್ಬೇಕು. ನಮ್ಮ ಓಟದಲ್ಲಿ ಅಂಗೇ ನಡ್ಕಂಡ್ ಬಂದೈತೆ" ಎಂದರು. ಅದೇನು ಅನ್ಯಾಯಕ್ಕೆ ಮಾಡಿದ ಕಟ್ಟಳೆಯಲ್ಲ. ಒಂದೇ ಜೋಡಿ ಗೆಲ್ಲುತ್ತಾ ಹೋದರೆ ಮಿಕ್ಕವರು ಮುಂದಿನ ವರ್ಷ ಎತ್ತೇ ತರುವುದಿಲ್ಲ. ಅದಕ್ಕೇ ಗೆದ್ದವರ ಗಾಡಿಗೆ ಮರಳಿನ ಮೂಟೆ.

"ಅದು ಎತ್ತಿಗೆ ಕಣ್ ದೊಡ್ಡಪ್ಪ" ಎಂದಳು ಕುಳ್ಳಮ್ಮ.

"ಓಟ ಅಂದ್ಮೇಲೆ ಓಟವೇ ಕಣವ್ವ."

ಕುಳ್ಳಮ್ಮ ಅವರ ಕುರ್ಚಿಯ ಮುಂದೆ ಬಂದು ನಿಂತಳು. ಆಮೇಲೆ, "ಆಯ್ತು, ಒಂದ್ ಮಾತು ಕೇಳ್ತೀನಿ. ಎರಡು ಸಲ ಗೆದ್ದದ್ದು ಯಾರು? ಗಾಡಿನೋ, ನಾನೋ? ಗಾಡಿ ಗೆದ್ದಿದ್ರೆ ಭಾರ ಗಾಡಿಗೆ ಕಟ್ಟಿ, ಶಶಿ ಓಡ್ಸುವಾಗ್ಲೂ ಇರ್ಲಿ. ನಾನು ಗೆದ್ದಿದ್ರೆ ನಾನು ಓಡ್ಸುವಾಗ ಮಾತ್ರ ಕಟ್ಟಿ. ಯಾವ್ದು ಏಳಿ."

ಶಶಿ ಚಪ್ಪಲಿಯಲ್ಲಿ ಮಣ್ಣು ಕೆದಕಿದ. ನಂಜಪ್ಪನವರು ಎಲೆಯಡಿಕೆ ಉಗಿದು ಬಂದು ಕೂತರು. "ನಿನಗೇ ಕಟ್ತೀವಿ" ಎಂದರು.

ಗೆದ್ದದ್ದು ಅವಳು ಅಂತ ಹತ್ತು ಜನರ ಮುಂದೆ ಮೊದಲ ಸಲ ಒಪ್ಪಿದ ಹಾಗಾಯಿತಲ್ಲ! "ಕಟ್ಟಿ ದೊಡ್ಡಪ್ಪ, ಬಿಗ್ಯಾಗಿ ಕಟ್ಟಿ" ಎಂದಳು. ಆ ಮೂಟೆ ಅವಳಿಗೆ ಹೂವಿನ ಹಾರದ ಹಾಗೆ ಕಂಡಿತು. ಅಲ್ಲೇ ಎಡವಿದಳು.

ಶಶಿ ಮೊದಲು ಓಡಿಸಿದ, ಕರಿಯನ ಮೇಲೆ, ಬರಿಗಾಡಿ. ಕಳೆದ ಸಲದ ಪಾಠ ಕಲಿತಿದ್ದ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿದ. ಚೆನ್ನಾಗಿಯೇ ಓಡಿಸಿದ, ಸುಳ್ಳು ಹೇಳಬಾರದು. ರವೀಂದ್ರ ಫೋನು ನೋಡಿ ಹಿಡಿದ ಹೊತ್ತನ್ನು ಕೂಗಿ ಹೇಳಿದ.

ಆಮೇಲೆ ಟೀ ಬಂತು, ಮಾತು ಬಂತು, ಕರಿಯ ನೆರಳಲ್ಲಿ ನಿಂತಿತು. ಮೂಟೆ ಕಟ್ಟಿದ ಮೇಲೆ ಕುಳ್ಳಮ್ಮ ಗಾಡಿಯನ್ನು ನೇರವಾಗಿ ಓಟದ ಗೆರೆಗೆ ತರಲಿಲ್ಲ. ಓಟದ ಮನೆಯ ಮಗಳು ನೋಡಿ, ನಿಂತು ತಣ್ಣಗಾದ ಎತ್ತನ್ನು ಹಾಗೇ ಬಿಡುವುದುಂಟೇ? ಕೆಸರು ಗುಂಡಿಗೆ ಇಳಿಸಿ, ಆ ಕಡೆ ಈ ಕಡೆ, ಆ ಕಡೆ ಈ ಕಡೆ, ಕಾಲು ಬಿಡಿಸಿದಳು. ಗಾಡಿ ಭಾರಕ್ಕೆ ತಿಣುಕಿದಾಗಲೆಲ್ಲ ಇನ್ನಷ್ಟು ಒತ್ತಿದಳು. ಕಡ್ಡಿ ಹೈನಲ್ಲೇ ಇತ್ತು. ಎತ್ತಿನ ಕಾಲು ಬಿಸಿಯಾದರೆ ಓಡುತ್ತದೆ. ರಬ್ಬರ್ ಬೆಲ್ಟು ಬಿಸಿಯಾದರೆ ಜಾರುತ್ತದೆ, ಜಾರಿದಷ್ಟೂ ಇನ್ನೂ ಬಿಸಿಯಾಗುತ್ತದೆ. ಇದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಂಜಪ್ಪನವರಂತೂ "ಭೇಷ್, ಕಾಲು ಬಿಡಿಸ್ತಾವ್ಳೆ, ಗೊತ್ತಿರೋರ ಮಗಳು" ಎಂದು ಮೆಚ್ಚಿಕೊಂಡರು.

ಬಾವುಟ ಇಳಿಯಿತು. ಏರಿ ಮೇಲೆ ಕರಿಯ ಎಂದಿನ ಹಾಗೆ ಹಾರಿತು, ಮೂಟೆ ಇದ್ದರೂ. ಮೊದಲ ತಿರುವು, ಎರಡನೇ ತಿರುವು, ಅವಳು ಒಂದಂಗುಲ ಜಾರಲಿಲ್ಲ. ಕೆಸರು ಗುಂಡಿ ಹತ್ತಿ ಮೇಲೆ ಬರುವಾಗ ಇಂಜಿನ್ನು ಕೂಗಿತು, ಗಾಡಿ ಮಾತ್ರ ಮುಂದೆ ಬರಲಿಲ್ಲ. ಇನ್ನೂ ಒತ್ತಿದಳು. ಹೊಗೆ ಬಂತು, ಸುಟ್ಟ ರಬ್ಬರಿನ ನಾತ ಬಂತು, ಒಳಗೆ ಏನೋ ಪಟೀರೆಂದಿತು. ಕರಿಯ ನಿಂತಿತು. ಇಂಜಿನ್ನು ಮಾತ್ರ ಯಾವ ಚಿಂತೆಯೂ ಇಲ್ಲದೆ ಗುರುಗುಡುತ್ತಿತ್ತು.

"ಗುಂಡಿಗೆ ಬರೋ ತನಕ ಎಷ್ಟಾಗಿತ್ತು? ಎಷ್ಟಾಗಿತ್ತು ರವೀಂದ್ರ?" ಕುಳ್ಳಮ್ಮ ಅಲ್ಲಿಂದಲೇ ಕೂಗಿದಳು.

ಯಾರೂ ನೋಡಿರಲಿಲ್ಲ. ಫೋನಿನಲ್ಲಿ ಹೊತ್ತು ಇನ್ನೂ ಓಡುತ್ತಲೇ ಇತ್ತು. ರವೀಂದ್ರ ಫೋನನ್ನು ಜೇಬಿಗಿಟ್ಟು ಗಾಡಿ ಕಡೆ ಓಡಿದ್ದ.

"ಎಂಗುಸ್ರ ಕೈಗೆ ಕೊಟ್ಟು ಗಾಡಿ ಸುಟ್ಟೋಯ್ತು" ಅಂತ ಆ ಗುಂಪಿನಲ್ಲಿ ಯಾರೋ ಅಂದರು. ಅದು ಸಂಜೆಯೊಳಗೆ ಊರ ಮಾತಾಯಿತು. ಎರಡು ಸಲ ಗೆದ್ದಾಗ ಗೆದ್ದದ್ದು ಗಾಡಿ. ಸುಟ್ಟಾಗ ಸುಟ್ಟದ್ದು ಕುಳ್ಳಮ್ಮ!

ಮೈಸೂರಿಂದ ಬಂದ ಮೆಕ್ಯಾನಿಕ್ಕು ಮುಚ್ಚಳ ಬಿಚ್ಚಿದಾಗ ಬೆಲ್ಟು ತೆಂಗಿನ ನಾರಿನ ಹಾಗೆ ಎಳೆಎಳೆಯಾಗಿ ಬಂತು. ಭಾರ ಹಾಕಿ, ಕೆಸರಲ್ಲಿ, ಹೈನಲ್ಲಿ ಇಷ್ಟು ಹೊತ್ತು ಎಳೆಸಿದರೆ ಇನ್ನೇನಾಗುತ್ತದೆ, ಲೋಗೆ ಹಾಕಬೇಕಿತ್ತು, ಮೊದಲೇ ಕಾಯಿಸಬಾರದಿತ್ತು ಎಂದ. ಕುಳ್ಳಮ್ಮ ಎಲ್ಲವನ್ನೂ ನಿಂತು ಕೇಳಿದಳು. ಮನೆಗೆ ಬಂದು ರವೀಂದ್ರನಿಗೆ ನೇರವಾಗಿಯೇ ಹೇಳಿದಳು: "ಅರ್ಧ ತಪ್ಪು ನಂದು ಕಣಪ್ಪ. ಲೋಗೆ ಆಕ್ಬೇಕಿತ್ತು, ಎತ್ತು ಅಂದ್ಕಂಡು ಕೆಸರಲ್ಲಿ ಕಾಯ್ಸಿದೆ. ಇನ್ನರ್ಧ ಆ ಮೂಟೆದು. ಮೂಟೆ ಇಲ್ದೆ ಇನ್ನೊಂದ್ಸಲ..."

"ನೋಡಿ, ಅತ್ಗೆನೇ ಒಪ್ಕಂಡ್ರು" ಎಂದು ರವೀಂದ್ರ ಶಶಿಯ ಕಡೆ ತಿರುಗಿದ. ಇನ್ನರ್ಧ ಮಾತು ಗೋಡೆಗೆ ಬಿತ್ತು.

ಬೆಳ್ಳೂರು ಕ್ರಾಸು ಶಶಿಗೆ ಆಯಿತು. ಬೋರ್ಡು ಬರೆಸಿದ ಫೋಟೋ ಮನೆಯ ಎಲ್ಲರ ಫೋನಿಗೂ ಬಂತು. ಕುಳ್ಳಮ್ಮನಿಗೆ ಹೊಸ ಬೆಲ್ಟು ಹಾಕಿದ ಕರಿಯನೂ, 'ಆಂಟಿ ಮೆಲ್ಲಗೆ' ಅನ್ನುವ ಹೆಂಗಸರೂ ವಾಪಸು ಬಂದರು. ಅದರ ಜೊತೆಗೆ ಬಂದವರಿಗೆ ಊಟ ಹಾಕುವ ಯೋಚನೆ ಮಾಡಿದ್ದೇನೆ, ಮುದ್ದೆ ಉಪ್ಸಾರು ನೀವು ಚೆನ್ನಾಗಿ ಮಾಡ್ತೀರಲ್ಲ ಅತ್ಗೆ, ಅಂದ ರವೀಂದ್ರ. ಅವನು ಕೆಟ್ಟವನಲ್ಲ. ಹೊಗಳಿದ್ದೇನೆ ಅಂತಲೇ ಅಂದುಕೊಂಡ.

ಓಟದ ದಿನ ಯಾರೋ ಪ್ರವಾಸಿಗರು ವೀಡಿಯೋ ತೆಗೆದಿದ್ದರು. ಹೊಗೆ ಬರುವ ಗಾಡಿಯ ಮೇಲೆ ಕೂತು "ಎಷ್ಟಾಗಿತ್ತು" ಅಂತ ಕೂಗುವ ಹೆಂಗಸು. ಜನ ನೋಡಿ ನಕ್ಕು, ಇನ್ನೊಬ್ಬರಿಗೆ ಕಳಿಸಿ, ಅವರೂ ನಕ್ಕರು. ಕೆ.ಆರ್.ಪೇಟೆ ಕಡೆ ಕೆರೆ ಪಕ್ಕ ಇಂಥದ್ದೇ ಟ್ರ್ಯಾಕು ನಡೆಸುವ ಶ್ವೇತ ಎಂಬವಳು ಅದನ್ನು ನೋಡಿ ನಗಲಿಲ್ಲ. ನಂಬರು ಹುಡುಕಿ ಫೋನು ಮಾಡಿದಳು.

"ಅಕ್ಕ, ಬೆಲ್ಟು ಯಾಕೆ ಸುಟ್ಟೋಯ್ತು?"

ಇವಳೂ ಆಡಿಕೊಳ್ಳಲು ಮಾಡಿದ್ದಾಳೆ ಅಂತ ಕುಳ್ಳಮ್ಮನಿಗೆ ರೇಗಿತು. ರೇಗಿದ ದನಿಯಲ್ಲೇ ಮೂಟೆ, ಕೆಸರು, ಹೈ, ಲೋ, ಎತ್ತು, ನಂಜಪ್ಪ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅರ್ಧ ನನ್ನ ತಪ್ಪು, ಅರ್ಧ ಮೂಟೆದು ಅಂದಳು. ಆ ಕಡೆ ಶಬ್ದವಿಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡಳು.

"ಕೇಳ್ತಿದ್ದೀನಿ, ಏಳಿ" ಅಂದಳು ಶ್ವೇತ.

ಕುಳ್ಳಮ್ಮ ಮಿಕ್ಕದ್ದನ್ನೂ ಹೇಳಿದಳು. ನೇರದಲ್ಲಿ ಕರಿಯ ಹೇಗೆ, ತಿರುವಿನಲ್ಲಿ ಕೆಂಪ ಹೇಗೆ, ಇನ್ನೂ ಉದ್ದ ದಾರಿಯಿದ್ದಿದ್ದರೆ ಮೊದಲ ಓಟ ತಾನು ಸೋಲುತ್ತಿದ್ದೆನೇನೋ ಅನ್ನುವುದನ್ನೂ.

"ನಾನೂ ಸುಟ್ಟಿದ್ದೀನಿ ಅಕ್ಕ, ಒಂದಲ್ಲ ಎರಡು" ಎಂದು ಆ ಹುಡುಗಿ ನಕ್ಕಳು. "ನಮ್ಮಲ್ಲಿಗೆ ಬರ್ತೀರಾ? ಇರೋಕೆ ರೂಮೈತೆ."

"ಯಾವ ಗಾಡಿಗೆ?"

"ಎರಡಕ್ಕೂ."

ಮನೆಯಲ್ಲಿ ಹೇಳಿದಾಗ ಆಕಾಶ ಬಿತ್ತು. ಒಂದು ಗಾಡಿ ವಿಷಯಕ್ಕೆ ಮನೆ ಬಿಟ್ಟು ಹೋಗುತ್ತಾಳಂತೆ! ಗಾಡಿ ವಿಷಯ ಅಲ್ಲ ಅಂತ ಅವಳು ಒಂದು ಸಲ ಹೇಳಿದಳು, ಎರಡು ಸಲ ಹೇಳಿದಳು. ಮೂರನೇ ಸಲಕ್ಕೆ ಸೀರೆ ಮಡಿಸಲು ಹೋದಳು. ರಂಗಸ್ವಾಮಿ ಹೊಸ್ತಿಲ ಮೇಲೆ ಕೂತಿದ್ದ. ಕಡೆಗೆ, "ನಾಲೆ ನೀರು ನಿಂತ ಮೇಲೆ ನಾನೂ ಬತ್ತೀನಿ" ಎಂದ. "ಅಲ್ಲಿ ಏನಂತ ಏಳ್ಲಿ? ಕುಳ್ಳಮ್ಮನ ಗಂಡ ಅಂತ್ಲಾ?"

"ಏಳಿ, ಏನೂ ಸವೆಯಾಕಿಲ್ಲ."

ಅವನು ಹಾಗೇ ಮಾಡಿದ, ನಾಲೆ ನಿಂತ ವಾರ ಹೊರಟು ಹೋದ. ಆದರೆ ಅದು ಆಮೇಲಿನ ಮಾತು. ಅವಳು ಹೊರಟ ದಿನ ಅವನು ತೂಬಿನ ಹತ್ತಿರ ಇದ್ದ. ಬಸ್‌ಸ್ಟಾಪಿಗೆ ಬಂದು ಚೀಲ ಇಳಿಸಿದ ಮೇಲೆ ಕುಳ್ಳಮ್ಮನಿಗೆ ಫೋನಿನ ಚಾರ್ಜರು ಗೋಡೆಯಲ್ಲೇ ಬಿಟ್ಟದ್ದು ನೆನಪಾಯಿತು. ತನಗೆ ತಾನೇ ಬೈದುಕೊಂಡು, ಚೀಲ ಅಲ್ಲೇ ಬಿಟ್ಟು, ಬಿಸಿಲಲ್ಲಿ ವಾಪಸು ಮನೆಗೆ ನಡೆದಳು.

ರವೀಂದ್ರ ನಡುಮನೆಯಲ್ಲಿ ಫೋನು ಹಿಡಿದು ಕೂತಿದ್ದ. ಅವಳನ್ನು ಕಂಡು ಮುಖ ಅರಳಿತು. "ಬಂದ್ರಾ ಅತ್ಗೆ! ಬಂದದ್ದೇ ಒಳ್ಳೇದಾಯ್ತು. ನಾಳೆ ಮೈಸೂರಿಂದ ಒಂದು ಬಸ್ ತುಂಬ ಎಂಗುಸ್ರು ಬತ್ತಾವ್ರೆ, ಸಂಘದೋರು. ನಾಳೆ ಒಂದಿನ ಇದ್ದು ಓಗಿ."

"ಶಶಿಗೆ ಏಳು."

"ಅವ್ನು ಬೆಳ್ಳೂರಲ್ಲಿ ಅವ್ನಲ್ಲ."

"ಓಗ್ಲಿ, ನೀನೇ ಓಡ್ಸು. ಗೇರಿಲ್ಲ, ಕ್ಲಚ್ಚಿಲ್ಲ. ಬೆರಳು ಒತ್ತುದ್ರೆ ಓಯ್ತದೆ."

"ತಮಾಸೆ ಮಾಡ್ಬೇಡಿ ಅತ್ಗೆ. ನೀವಿಲ್ದೆ ಓದ್ರೆ ಎಂಗುಸ್ರು ಅತ್ತಾಕಿಲ್ಲ. ನಿಮ್ಮಂಗೆ ಕೈ ಯಾರ್ಗೈತೆ?"

ಕುಳ್ಳಮ್ಮ ಗೋಡೆಯ ಕಡೆ ತಿರುಗಿದ್ದವಳು ಹಾಗೇ ನಿಂತಳು. ಇಷ್ಟು ದಿನ ಕಾದ ಮಾತು. ಓಟದ ಗೆರೆಯ ಹತ್ತಿರ, ಟೀ ಅಂಗಡಿಯಲ್ಲಿ, ನಂಜಪ್ಪನವರ ಮುಂದೆ ಎಲ್ಲೂ ಬರದ ಮಾತು, ಈಗ ಬಂತು, ಬಸ್ಸು ಬರುವ ಹೊತ್ತಿಗೆ, ನಾಳೆಯ ಒಂದು ದಿನದ ಕೆಲಸಕ್ಕೆ.

"ಇದನ್ನ ಆವತ್ತು ಏಳ್ಬೇಕಾಗಿತ್ತು ರವೀಂದ್ರ" ಎಂದಳು.

"ಯಾವತ್ತು?" ಎಂದ ಅವನು. ನಿಜವಾಗಿಯೂ ಅವನಿಗೆ ತಿಳಿಯಲಿಲ್ಲ.

ಅವಳು ಚಾರ್ಜರು ಕಿತ್ತು, ವೈರನ್ನು ಕೈಗೆ ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಪಾಂಡವಪುರದ ಮೇಲೆ ಕೆ.ಆರ್.ಪೇಟೆಗೆ ಹೋಗುವ ಬಸ್ಸು ಊರ ಬಾಗಿಲಲ್ಲಿ ಹಾರನ್ನು ಹೊಡೆಯುತ್ತಿತ್ತು. ಕುಳ್ಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.